ಹಾರೆಯ ಮೊನೆ ಮತ್ತು ರುದ್ರಮೂರ್ತಿಯ ಹೊಟ್ಟೆ

ಶಿವನಿ ಊರಿನ ರುದ್ರಮೂರ್ತಿ ತೆಂಗಿನಕಾಯಿಗಳ ಪಾಲಿಗೆ ಸಾಕ್ಷಾತ್ ಯಮ. ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ಕಾಯಿ ಚುಚ್ಚಿ, ಕತ್ತು ತಿರುಚಿದಂತೆ ತಿರುಚಿ, ಸಿಪ್ಪೆ ಸೀಳಿ ಬಿಸಾಡುತ್ತಿದ್ದ. ಅವನು ಎದ್ದುಹೋದ ಜಾಗ ರಣರಂಗದಂತೆ ಕಾಣುತ್ತಿತ್ತು. ಇಂಥ ವೀರನಿಗೆ ದ್ರೋಹ ಬಗೆದದ್ದು ಅವನದೇ ಡೊಳ್ಳು ಹೊಟ್ಟೆ. ಶ್ರಾವಣದ ಒಂದು ಬೆಳಿಗ್ಗೆ ಅವನು ಬಗ್ಗಿದಾಗ ಹಾರೆ ಕಾಯಿಯನ್ನು ಬಿಟ್ಟು ಬನಿಯನ್ನನ್ನು ಸೀಳಿತು. ಹೊಕ್ಕುಳಿನ ಮೇಲೆ ಗೇಣುದ್ದ ಗಾಯ, ರಕ್ತ.

"ಲೇ ರುದ್ರ, ನನ್ ತೋಟ್ದಾಗೆ ಹೆಣ ಬೀಳೋದು ಬ್ಯಾಡ ಕಣೋ," ಎಂದರು ತೋಟದ ಯಜಮಾನ ದೇವೀರಪ್ಪ. "ದೀಪಾವಳಿ ಹೊತ್ಗೆ ಹೊಟ್ಟೆ ಕರಗಿಸ್ಕೊಂಡ್ ಬಾ. ಅಲ್ಲಿವರ್ಗೂ ತೀರ್ಥಪ್ಪ ಸುಲೀಲಿ, ನೀನು ಸಿಪ್ಪೆ ಗುಡ್ಡೆ ಹಾಕು. ಕರಗ್ಲಿಲ್ವೋ, ಹಾರೆ ಅವಂದೇ."

ಜೊತೆಯಾಳು ತೀರ್ಥಪ್ಪ! ಒಂದೊಂದು ಕಾಯಿಗೂ ಹತ್ತು ಸಲ ಉಸ್ಸಪ್ಪಾ ಅನ್ನುವ ಆಸಾಮಿ!

ಗಾಯಕ್ಕೆ ಹೊಲಿಗೆ ಹಾಕುತ್ತಾ ಅಜ್ಜಂಪುರದ ಡಾಕ್ಟರಮ್ಮ ಹೊಟ್ಟೆ ಕರಗಿಸುವ ದಾರಿ ಹೇಳಿದರು. ದಿನಾ ಸಂಜೆ ಏಳರಿಂದ ಮರುದಿನ ಹನ್ನೊಂದರವರೆಗೆ ಉಪವಾಸ.

"ಉಪವಾಸ ನಮ್ಗೇನ್ ಹೊಸ್ದಾ ತಾಯಿ? ಸೋಮ್ವಾರ ಸೋಮ್ವಾರ ಮಾಡ್ತೀನಿ," ಎಂದು ರುದ್ರಮೂರ್ತಿ ಮೀಸೆ ತಿರುವಿದ.

ಅಲ್ಲಿಂದ ಮುದ್ದೆಯ ಮೇಲೆ ಯುದ್ಧ ಸಾರಿದ. ಬೆಳಿಗ್ಗೆ ಸೊಪ್ಪಿನ ಸಾರಿನ ಘಮ ಅಡುಗೆಮನೆಯಿಂದ ನುಗ್ಗಿ ಬಂದರೆ, ಹಲ್ಲು ಕಡಿಯುತ್ತಾ ಹಿತ್ತಲಿಗೆ ಹಾರಿ, ಕೊಡಲಿ ಎತ್ತಿ, "ಬಾ ಮಗ್ನೇ!" ಎಂದು ಕೊರಡಿನ ತಲೆ ಒಡೆಯುತ್ತಿದ್ದ. ಸೌದೆಯ ರಾಶಿ ಸೂರಿನ ಎತ್ತರಕ್ಕೆ ಬಂತು. ತಿಂಗಳಾದ ಮೇಲೆ ಡಾಕ್ಟರಮ್ಮನ ಬಳಿ ಹೋಗಿ ತೂಕದ ಮಿಷನ್ ಹತ್ತಿದರೆ ಮೂರು ಕೆಜಿ ಜಾಸ್ತಿ!

"ಕಳ್ ಮಿಷನ್!" ಎಂದು ಒದೆಯಲು ಕಾಲೆತ್ತಿದವನನ್ನು ಹೆಂಡತಿ ಯಶೋದಾ ಹಿಂದಿನಿಂದ ಹಿಡಿದೆಳೆದಳು.

"ಬೆಳಿಗ್ಗೆ ಏನ್ ತಿಂತೀಯಪ್ಪಾ?" ಡಾಕ್ಟರಮ್ಮ ಕೇಳಿದರು.

"ಏನಿಲ್ಲ ತಾಯಿ. ಫಲಾಹಾರ ಅಷ್ಟೇ."

"ಅಂದ್ರೆ?"

"ಆರು ಬಾಳೆಹಣ್ಣು, ಒಂದ್ ಹೋಳು ಕೊಬ್ರಿ, ಅದ್ಕೆ ತಕ್ಕ ಬೆಲ್ಲ," ಎಂದಳು ಯಶೋದಾ. "ರಾತ್ರಿಗೆ ಅವ್ಲಕ್ಕಿ."

"ಉಪವಾಸಕ್ಕೆ ಅದೆಲ್ಲ ನಡೀತದೆ ಕಣೇ! ಅನ್ನ, ಮುದ್ದೆ ಮುಟ್ಟಿದ್ರೆ ತಾನೇ ಉಪವಾಸ ಕೆಡೋದು?" ರುದ್ರಮೂರ್ತಿ ಗದರಿದ.

"ಅದನ್ನ ಶಿವ ಒಪ್ಕೋತಾನೆ, ನಿನ್ ಹೊಟ್ಟೆ ಒಪ್ಕೊಳಲ್ಲ," ಎಂದರು ಡಾಕ್ಟರಮ್ಮ. "ಹನ್ನೊಂದರವರ್ಗೂ ನೀರು ಬಿಟ್ಟು ಬೇರೇನೂ ಬೇಡ."

ನಿಜವಾದ ಮಹಾಯುದ್ಧ ಶುರುವಾದದ್ದು ಆಗ. ಬೆಳಿಗ್ಗೆ ಒಂಬತ್ತಕ್ಕೆ ಹಸಿವು ಬಾಗಿಲು ಒದ್ದು ಒಳಗೆ ಬರುತ್ತಿತ್ತು. ಮೊದಲ ದಿನವೇ ರುದ್ರಮೂರ್ತಿ ಸಿಪ್ಪೆಯ ಪುಟ್ಟಿಯನ್ನು ಒದ್ದು ಉರುಳಿಸಿದ. ನಕ್ಕ ತೀರ್ಥಪ್ಪನ ಬೆನ್ನಿಗೆ ಸಿಪ್ಪೆಯಿಂದ ಬೀಸಿ ಹೊಡೆದ. ಎರಡನೆಯ ವಾರ ಕೊಬ್ಬರಿ ಡಬ್ಬಿಗೆ ಕೈ ಹಾಕಿದವನ ಗೆಣ್ಣಿಗೆ ಯಶೋದಾ ಸೌಟಿನಲ್ಲಿ ಬಾರಿಸಿದಳು. ಪೆಟ್ಟಿನ ಮೇಲೆ ಪೆಟ್ಟು ತಿಂದು ಅವನು ಶತ್ರುವಿನ ಗುಟ್ಟು ಕಂಡುಕೊಂಡ. ಹಸಿವೆಂದರೆ ಕುಡಿದು ಬಂದ ನೆಂಟ, ಸ್ವಲ್ಪ ಹೊತ್ತು ಕೂಗಾಡಿ ತಾನೇ ಬಿದ್ದುಕೊಳ್ಳುತ್ತಾನೆ. ಅಷ್ಟು ಹೊತ್ತು ತಡೆಯಲು ಒಂದು ಚೊಂಬು ನೀರು, ಒಡೆಯಲು ಒಂದು ಕೊರಡು ಇದ್ದರೆ ಸಾಕು. ಕೊರಡುಗಳು ಮಾತ್ರ ಪ್ರಾಣ ತೆತ್ತವು.

ದೀಪಾವಳಿಯ ಹಿಂದಿನ ದಿನ ಬೆಳಿಗ್ಗೆ ದೇವೀರಪ್ಪ ಸೊಂಟಕ್ಕೆ ಕೈಯಿಟ್ಟು ಹಾರೆಯ ಪಕ್ಕ ನಿಂತರು. ರುದ್ರಮೂರ್ತಿ ಉಸಿರು ಬಿಗಿಹಿಡಿದು ಬಗ್ಗಿದ.

"ಉಸ್ರು ಬಿಡೋ ಕಳ್ಳ!"

ಬಿಟ್ಟ. ಹೊಟ್ಟೆಗೂ ಮೊನೆಗೂ ನಡುವೆ ನಾಲ್ಕು ಬೆರಳು ಗಾಳಿ.

"ಸುಲಿ," ಎಂದರು ದೇವೀರಪ್ಪ. ತೀರ್ಥಪ್ಪ ಮುಖ ಹುಳ್ಳಗೆ ಮಾಡಿಕೊಂಡು ಪುಟ್ಟಿ ಎತ್ತಿಕೊಂಡ.

ಅಷ್ಟರಲ್ಲಿ ದೇವೀರಪ್ಪನವರ ಹೆಂಡತಿ ತುಪ್ಪ ಸುರಿಯುವ ಬಿಸಿ ಹೋಳಿಗೆ ತಂದು ಅವನ ಮೂಗಿನ ಕೆಳಗೇ ಹಿಡಿದರು. ಗಂಟೆ ಇನ್ನೂ ಹತ್ತು.

"ಹನ್ನೊಂದಾಗ್ಲಿ ತಾಯಿ," ಎಂದ ರುದ್ರಮೂರ್ತಿ, ಕಣ್ಣು ಹೋಳಿಗೆಯ ಮೇಲಿಟ್ಟು ಎದುರಿಗಿದ್ದ ಕಾಯಿಯನ್ನು ಒಂದೇ ಏಟಿಗೆ ಸೀಳಿದ.