ಯಜಮಾನರ ದನಿಗೆ ಹತ್ತುವ ಲೈಟು

ನಂಬುವುದಿಲ್ಲ ಅನ್ನುವವರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ. ನಮ್ಮ ಪಕ್ಕದ ಮನೆಯ ಯಜಮಾನರ ಗಂಟಲಲ್ಲಿ ಒಂದು ಗಂಟಿತ್ತು, ಚಿಕ್ಕ ಕೊಬ್ಬರಿ ಗಿಟುಕಿನಷ್ಟು. ಕೂಗುವ ಮುಂಚೆ ಅದು ಒಮ್ಮೆ ಕೆಳಗಿಳಿದು, ಬಾವಿಯಿಂದ ಕೊಡ ಸೇದಿದ ಹಾಗೆ ಜಗ್ಗಿಕೊಂಡು ಮೇಲೆ ಬರುತ್ತಿತ್ತು. ಅಷ್ಟರಲ್ಲಿ ಮನೆಯವರು ಎದ್ದು ನಿಂತಿರಬೇಕು. ಅವರು ಕಡೂರಿನಲ್ಲಿ ಕೂಗಿದರೆ ತರೀಕೆರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವರು ಗಾಬರಿಬಿದ್ದು ಸಿಕ್ಕ ಬಸ್ಸು ಹತ್ತಿ, ಅಜ್ಜಂಪುರದಲ್ಲಿ ಇಳಿದು ಕಣ್ಣು ಕಣ್ಣು ಬಿಡುತ್ತಿದ್ದರು.

ಅವರದು ಕೊಬ್ಬರಿ ಮಂಡಿ. ಪಂಚನಹಳ್ಳಿ, ಸಿಂಗಟಗೆರೆ ಕಡೆಯವರು ಮೂಟೆ ಇಳಿಸಿ, ಇವರು ಒಂದು ಗಿಟುಕು ಮುರಿದು ಮೂಸಿ ಹೂಂ ಅನ್ನುವ ತನಕ ಉಸಿರು ಬಿಡುತ್ತಿರಲಿಲ್ಲ. ಮನೆಯಲ್ಲೂ ಹಾಗೆಯೇ. ನಡುಮನೆಯ ಬೆತ್ತದ ಕುರ್ಚಿಯಲ್ಲಿ ಕೂತರೆ ಏಳುವ ಮಾತಿಲ್ಲ. ಹೆಂಡತಿಗೂ ಲೇ, ಬೆಕ್ಕಿಗೂ ಲೇ. ಬೆಕ್ಕು ಒಂದೊಂದು ಸಲ ಬರುತ್ತಿರಲಿಲ್ಲ. ಅವರ ಹೆಂಡತಿ, ನಾವೆಲ್ಲ ಅಕ್ಕ ಅನ್ನುತ್ತಿದ್ದವರು, ಬಾರದೆ ಇದ್ದದ್ದನ್ನು ನಾನು ಕಂಡಿಲ್ಲ. ಕೋಣೆ ಬಿಡುವಾಗ ಸ್ವಿಚ್ ಆರಿಸಿಯೇ ಬರಬೇಕು. ಒಂದು ಲೈಟು ಸುಮ್ಮನೆ ಉರಿದರೂ, "ಕರೆಂಟು ನಿಮ್ಮಪ್ಪನ ಮನೆಯಿಂದ ಬತ್ತದೇನೇ?" ಎಂದು ಬೀದಿಗೆ ಕೇಳುವ ಹಾಗೆ ಬೈಗುಳ. ಆ ಕೈ ಎಷ್ಟು ಪಳಗಿತ್ತೆಂದರೆ, ಅಕ್ಕ ನಮ್ಮ ಮನೆಗೆ ಬಂದರೆ ಹೋಗುವಾಗ ನಮ್ಮ ಲೈಟೂ ಆರಿಸಿ, ನಮ್ಮನ್ನು ಕತ್ತಲಲ್ಲಿ ಕೂರಿಸಿ ಹೋಗುತ್ತಿದ್ದರು.

ಯಜಮಾನರ ದನಿ ಅಣಕಿಸುವುದರಲ್ಲಿ ಈ ತಾಲ್ಲೂಕಿಗೆ ನಾನೊಬ್ಬನೇ. ಕಾಂಪೌಂಡಿನ ಈಚೆ ನಿಂತು ಲೇ ಕಾಫಿ ಅಂದರೆ ಸಾಕು, ಅಕ್ಕ ಲೋಟ ಹಿಡಿದು ಅವರ ಮುಂದೆ ಹಾಜರ್. ಕೇಳದ ಕಾಫಿ ತಂದಳೆಂದು ಅವರು ಬಯ್ಯುವುದು, ನಾನು ಹೊಟ್ಟೆ ಹಿಡಿದುಕೊಂಡು ನಗುವುದು. ಎಷ್ಟೋ ವರ್ಷ ಇದೇ ನನ್ನ ಸಂಜೆಯ ತಿಂಡಿ.

ಮಾತಿಗೆ ಹತ್ತುವ ಲೈಟು ಬಂದಿದೆ ಎಂದು ಅವರ ತಲೆಯಲ್ಲಿ ಹುಳ ಬಿಟ್ಟವನೂ ನಾನೇ. ಫೋನಿನಲ್ಲಿ ವೀಡಿಯೊ ನೋಡಿ ಕಲಿತು, ನಾನೇ ಜೋಡಿಸಿಕೊಟ್ಟೆ. ಬಲ್ಬನ್ನು ಆರಿಸಿ ಹತ್ತಿಸಿ, ಆರಿಸಿ ಹತ್ತಿಸಿ ಮಾಡಿದರೆ ಅದು ಮಿಣಮಿಣ ಅನ್ನುತ್ತದೆ. ಆಗ ಫೋನು ಹಿಡಿದು ಅದನ್ನು ವೈಫೈಗೆ ಗಂಟು ಹಾಕಬೇಕು. ಆಮೇಲೆ ಮಾತು ಕೇಳಿಸಿಕೊಳ್ಳುವ ಡಬ್ಬಿಗೆ ಯಜಮಾನರ ದನಿ ಕಲಿಸಿ, ಬೇರೆಯವರಿಗೆ ಜಗ್ಗದ ಹಾಗೆ ಮಾಡಿದೆ. ಅದು ಅವರದೇ ಹಟ. ಹೊಸಬರಿಗೆ ನಾನು ಹೇಳುವುದು ಒಂದೇ ಮಾತು, ಗೋಡೆಯ ಸ್ವಿಚ್ಚನ್ನು ಯಾವತ್ತೂ ಆರಿಸಬೇಡಿ. ಅದು ಆರಿದರೆ ಬಲ್ಬಿಗೆ ಜೀವವೇ ಇಲ್ಲ, ಯಾರು ಕೂಗಿದರೂ ಹತ್ತುವುದಿಲ್ಲ.

ಆ ಡಬ್ಬಿಯೋ, ತನ್ನ ಹೆಸರು ಹಿಡಿದು ಕರೆದರೆ ಮಾತ್ರ ಓಗೊಡುವಂಥದ್ದು. ಯಜಮಾನರು ಲೇ ಅಂದರು. ಜೋರಾಗಿ ಲೇ ಅಂದರು. ಡಬ್ಬಿ ಮಿಸುಕಲಿಲ್ಲ. ಸೋತು, ಹಲ್ಲು ಕಚ್ಚಿ, ಹೆಸರು ಹಿಡಿದು ಕರೆದರು. ಲೈಟು ಹತ್ತಿತು. ಬಾಗಿಲಲ್ಲಿ ನಿಂತಿದ್ದ ಅಕ್ಕ ನನಗೆ ಮಾತ್ರ ಕೇಳುವ ಹಾಗೆ, "ನನ್ನ ಹೆಸ್ರು ಮದುವೆ ದಿನಾನೂ ಹೇಳ್ಲಿಲ್ಲ ಕಣಪ್ಪ" ಅಂದರು. ಒಳಗೆ ಹೋಗುವಾಗ ರೂಢಿಯ ಹಾಗೆ ಗೋಡೆಯ ಸ್ವಿಚ್ ಆರಿಸಿದರು. ಅವತ್ತು ತಿಂದ ಬೈಗುಳಕ್ಕೆ ಲೆಕ್ಕವಿಲ್ಲ. ಆರಿಸು ಎಂದು ಬೈದು ಕಲಿಸಿದ ಬಾಯಿಯೇ ಈಗ ಆರಿಸಬೇಡ ಎಂದು ಬೈದು ಬಿಡಿಸಿತು.

ಮರುವರ್ಷ ಯಜಮಾನರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ನಾಲಿಗೆ ತೊದಲಿತು. ಡಬ್ಬಿಗೆ ಅವರ ಗುರುತೇ ಸಿಗಲಿಲ್ಲ. ಅವರು ಕೂಗುವುದು, ಡಬ್ಬಿ "ಅರ್ಥವಾಗಲಿಲ್ಲ" ಎಂದು ಮರ್ಯಾದೆಯಿಂದ ಹೇಳುವುದು. ಅವರ ಜನ್ಮದಲ್ಲಿ ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲ. ನಾನು ಕಿಟಕಿಯಲ್ಲಿ ನಿಂತು ಅಷ್ಟನ್ನೂ ನೋಡಿ, ಅವರ ಹಳೆಯ ದನಿಯಲ್ಲಿ ಡಬ್ಬಿಯ ಹೆಸರು ಹಿಡಿದು ಲೈಟ್ ಆನ್ ಅಂದೆ. ಹತ್ತಿತು. ಆಫ್ ಅಂದೆ, ಆರಿತು. ಡಬ್ಬಿಯನ್ನೂ ಏಮಾರಿಸಿದೆನಲ್ಲ ಎಂದು ಕುಣಿದೆ. ಯಜಮಾನರು ಬಯ್ಯಲಿಲ್ಲ. ಎಡಗೈಯಲ್ಲಿ ಹತ್ತಿರ ಕರೆದು, ನಾಲಿಗೆಯೊಡನೆ ಬಹಳ ಹೊತ್ತು ಗುದ್ದಾಡಿ, "ಕೂಗ್ತಾ ಇರೋ" ಅಂದರು.

ಅವತ್ತಿನಿಂದ ದಿನಾ ಮುಸ್ಸಂಜೆ ಹೋಗಿ ಕೂಗಿದೆ. ಅವರಿಗೆ ಬೇಕಾದದ್ದು ಲೈಟು ಎಂದುಕೊಂಡಿದ್ದೆ. ಅಲ್ಲ. ನಾನು ಕೂಗಿದೊಡನೆ ಒಳಗೆ ಅಕ್ಕ ಎದ್ದು ನಿಲ್ಲುತ್ತಿದ್ದರು. ಕೂಗಿದ್ದು ನಾನೆಂದು ಅವರಿಗೆ ಗೊತ್ತಿತ್ತು, ಅವರ ಮೊಣಕಾಲಿಗೆ ಗೊತ್ತಿರಲಿಲ್ಲ. ಯಜಮಾನರು ಕಣ್ಣು ಕೀಲಿಸಿ ಅದನ್ನೇ ನೋಡುತ್ತಿದ್ದರು. ಮನೆ ಇನ್ನೂ ತಮ್ಮದೇ ಅನ್ನುವುದಕ್ಕೆ ಅವರಿಗೆ ಉಳಿದದ್ದು ಅದೊಂದು. ನಾನೋ, ಒಳ್ಳೆಯ ಕಲಾವಿದ. ಲೈಟಿನ ಜೊತೆಗೆ ಲೇ ನೀರು, ಲೇ ಕಾಲೊತ್ತು ಎಂದು ಸೇರಿಸಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಕೂಗಿರಲಿಲ್ಲ.

ಒಂದು ಸಂಜೆ ಅಕ್ಕ ನಡುಮನೆಯಲ್ಲೇ ಹುರುಳಿಕಾಳು ಹಸನು ಮಾಡುತ್ತಿದ್ದರು. ಕೂಗಿದೆ. ಲೈಟು ಹತ್ತಿತು, ಅಕ್ಕ ಎದ್ದರು. ಎದ್ದವರು ಎರಡು ಹೆಜ್ಜೆ ಇಟ್ಟು ನಿಂತರು. ಗೋಡೆಯ ಹತ್ತಿರ ಹೋಗಿ ಸ್ವಿಚ್ ಆರಿಸಿದರು. ನನ್ನ ಕಡೆ ನೋಡಲೂ ಇಲ್ಲ. ಗಂಡನ ಕಡೆ ತಿರುಗಿ, "ಈಗ ಕರೀರಿ" ಅಂದರು.

ನಾನು ಸೋಲುವವನೇ? ಮತ್ತೆ ಕೂಗಿದೆ, ಕಿಟಕಿ ಗಾಜು ನಡುಗುವ ಹಾಗೆ. ಲೈಟು ಹತ್ತಲಿಲ್ಲ. ಅಕ್ಕ ಮತ್ತೆ ಮೊರದ ಮುಂದೆ ಹೋಗಿ ಕೂತವರು ಏಳಲಿಲ್ಲ. ಬೀದಿಯಿಂದ ಬಿದ್ದ ಬೆಳಕಿನಲ್ಲಿ ಯಜಮಾನರ ಗಂಟಲ ಗಂಟು ಕೆಳಗಿಳಿದದ್ದು ಕಂಡಿತು. ಮೇಲೆ ಬಂದದ್ದು ಕಾಣಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಕ್ಕನಿಗೇ ಏನನ್ನಿಸಿತೋ, ಎದ್ದು ಮತ್ತೆ ಸ್ವಿಚ್ ಹಾಕಿದರು.

ಅದೇ ವಾರ ಯಜಮಾನರು ತೀರಿಕೊಂಡರು. ಆ ದನಿ ಈಗ ಭೂಮಿಯ ಮೇಲೆ ಉಳಿದಿರುವುದು ನನ್ನ ಗಂಟಲಲ್ಲಿ ಮಾತ್ರ. ನನಗೆ ಊರಿನಲ್ಲಿ ಇರುವ ಹೆಸರೆಲ್ಲ ಅವರ ಗಂಟಲಿನದೇ ಸಾಲ. ಈಗಲೂ ಒಮ್ಮೊಮ್ಮೆ ಕಾಂಪೌಂಡಿನ ಈಚೆ ನಿಂತು ಲೇ ಅನ್ನುತ್ತೇನೆ. ಬೆಕ್ಕು ಬರುತ್ತದೆ.

ಇಷ್ಟರಲ್ಲಿ ನಾನು ಕೈಯಿಂದ ಸೇರಿಸಿದ್ದು ಒಂದೇ ಒಂದು. ತರೀಕೆರೆಯ ಬಸ್ಸಿನದಲ್ಲ, ಬೇಕಾದರೆ ಹೋಗಿ ವಿಚಾರಿಸಿ. ಅಕ್ಕ ಎದ್ದು ಮತ್ತೆ ಸ್ವಿಚ್ ಹಾಕಿದರು ಅಂದೆನಲ್ಲ, ಅದು. ಅವರು ಹಾಕಲಿಲ್ಲ.