ಪೂರ್ವ-ಪಶ್ಚಿಮದ ಸೌದೆ

ಮುಖವನ್ನು ಗಂಭೀರವಾಗಿಟ್ಟುಕೊಂಡು ಸುಳ್ಳು ಹೇಳುವುದರಲ್ಲಿ ಅರುಂಧತಿ ಎತ್ತಿದ ಕೈ. ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ಹುಟ್ಟಿ, ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ೧೯೮೭ರಲ್ಲಿ ಗಂಡನ ಜೊತೆ ಮೆಲ್ಬರ್ನ್‌ಗೆ ಬಂದವಳು ಅಲ್ಲೊಂದು ಹೈಸ್ಕೂಲಿನಲ್ಲಿ ಟೀಚರಾಗಿ ಸೇರಿದಳು. ಬಂದ ಹೊಸದರಲ್ಲಿ ಪಕ್ಕದ ಮನೆಯ ಜೀನ್ ಬೇಲಿಯಾಚೆಯಿಂದ, ನಿನ್ನ ಹಣೆಯ ಮೇಲಿನ ಚುಕ್ಕೆಗೆ ಏನರ್ಥ ಎಂದು ಕೇಳಿದಳು. "ಕೆಂಪಿದ್ದರೆ ನಾನು ಸಿಟ್ಟಿನಲ್ಲಿದ್ದೇನೆ, ಹಸಿರಿದ್ದರೆ ಮಾತಾಡಿಸಬಹುದು," ಎಂದು ಅರುಂಧತಿ ಅಂದುಬಿಟ್ಟಳು. ಜೀನ್ ಅದನ್ನು ನಂಬಿದಳು. ಒಂದು ವರ್ಷ ಆಕೆ ತನ್ನ ಗಿಡದ ನಿಂಬೆಹಣ್ಣು ತಂದುಕೊಟ್ಟದ್ದು ಹಸಿರು ಬೊಟ್ಟಿನ ದಿನಗಳಲ್ಲಿ ಮಾತ್ರ. ಚಿತ್ರಾನ್ನ ಮಾಡಬೇಕೆನಿಸಿದಾಗಲೆಲ್ಲ ಅರುಂಧತಿ ಹಸಿರು ಬೊಟ್ಟು ಇಟ್ಟುಕೊಂಡು ಹಿತ್ತಲಲ್ಲಿ ಸುಮ್ಮನೆ ಅಡ್ಡಾಡುತ್ತಿದ್ದಳು.

ಗಂಡ ಚಕ್ರಪಾಣಿ ಇದಕ್ಕೆ ತದ್ವಿರುದ್ಧ. ರೈಲ್ವೆಯಲ್ಲಿ ಸಿವಿಲ್ ಎಂಜಿನಿಯರ್, ಹೇಳಿದ್ದನ್ನು ಹೇಳಿದ ಹಾಗೇ ನಂಬುವ ಸಾಧು. ನಲವತ್ತು ದಾಟಿದ ಮೇಲೆ ಅವನಿಗೆ ವಾಸ್ತುವಿನ ಹುಚ್ಚು ಹಿಡಿಯಿತು. ಬೆಂಗಳೂರಿಗೆ ಹೋದಾಗ ಅವೆನ್ಯೂ ರೋಡಿನಿಂದ ನಾಲ್ಕಾರು ಪುಸ್ತಕ ಹೊತ್ತು ತಂದ. ಅಂದಿನಿಂದ ಜೇಬಿನಲ್ಲಿ ಸದಾ ಒಂದು ದಿಕ್ಸೂಚಿ.

ಮೆಲ್ಬರ್ನ್‌ನ ಬ್ಲ್ಯಾಕ್‌ಬರ್ನ್‌ ಬಡಾವಣೆಯಲ್ಲಿ ಅವರು ಕೊಂಡ ಹಳೆಯ ಮನೆಯ ಹಾಲ್‌ನಲ್ಲಿ ಇಟ್ಟಿಗೆಯ ಬೆಂಕಿಗೂಡೊಂದಿತ್ತು. ಅದರಲ್ಲಿ ಎಷ್ಟು ಸೌದೆ ಸುಟ್ಟರೂ ಶಾಖವೆಲ್ಲ ಚಿಮಣಿಯಲ್ಲಿ ಮೇಲಕ್ಕೆ ಹೋಗಿ, ಕೂತವರಿಗೆ ಹೊಗೆಯಷ್ಟೇ ಮಿಗುತ್ತಿತ್ತು. ಗಾಜಿನ ಬಾಗಿಲಿರುವ ಕಬ್ಬಿಣದ ಒಲೆಯನ್ನು ಆ ಗೂಡಿನೊಳಗೆ ಕೂರಿಸಬಹುದು, ಅದಕ್ಕೆ ಇನ್ಸರ್ಟ್ ಅನ್ನುತ್ತಾರೆ ಎಂದು ಅವರಿಗೆ ತಿಳಿದದ್ದು ೧೯೯೨ರ ಜೂನ್‌ನಲ್ಲಿ, ಸಿಡ್ನಿಯಲ್ಲಿದ್ದ ಅರುಂಧತಿಯ ಅಣ್ಣ ಲಕ್ಷ್ಮೀಶನ ಮನೆಗೆ ಹೋದಾಗ.

ಲಕ್ಷ್ಮೀಶ ಪ್ಯಾರಮಟ್ಟಾದಲ್ಲಿ ಹಲ್ಲಿನ ಡಾಕ್ಟರ್. ಅಂಗಡಿಯಲ್ಲಿದ್ದ ಅತಿ ದೊಡ್ಡ ಇನ್ಸರ್ಟನ್ನೇ ತಂದಿದ್ದ. ಸೌದೆ ಉರಿಯುವ ಆ ಪೆಟ್ಟಿಗೆಯೊಳಗೆ ಕರುವೊಂದು ಕಾಲು ಮಡಚಿ ಮಲಗಬಹುದಿತ್ತು. "ನೋಡಿ ಭಾವ, ಹೇಗಿದೆ?" ಎಂದು ಅದರ ತುಂಬ ಸೌದೆ ಪೇರಿಸಿ ಹೊತ್ತಿಸಿದ. ಸ್ವಲ್ಪ ಹೊತ್ತಿಗೆ ಎಲ್ಲರೂ ಸ್ವೆಟರ್ ಬಿಚ್ಚಿದರು. ಆಮೇಲೆ ಲಕ್ಷ್ಮೀಶ ಷರ್ಟನ್ನೂ ಬಿಚ್ಚಿದ. ಅವನ ಹೆಂಡತಿ ಸುಜಾತಾ ಚಳಿಗಾಲದ ನಡುವೆ ಫ್ಯಾನ್ ಹಾಕಿ ಕಿಟಕಿಗಳನ್ನೆಲ್ಲ ತೆರೆದಿಟ್ಟಳು.

"ದಿನಾ ಹೀಗೇನಾ ಅತ್ತಿಗೆ?" ಅರುಂಧತಿ ಕೇಳಿದಳು.

"ಹೀಗೆ, ಇಲ್ಲಾಂದ್ರೆ ಹೊಗೆ. ಕಮ್ಮಿ ಸೌದೆ ಹಾಕಿ ಗಾಳಿ ಕಟ್ಟಿದ್ರೆ ಉರಿಯೋದೇ ಇಲ್ಲ, ಸುಮ್ನೆ ಹೊಗೆಯಾಡತ್ತೆ. ಗಾಜೆಲ್ಲ ಮಸಿ. ವಾರಕ್ಕೆರಡು ಸಲ ಉಜ್ಜೋದು ಯಾರು ಹೇಳು?"

ಅಷ್ಟರಲ್ಲಿ ಲಕ್ಷ್ಮೀಶ ಇನ್ನೊಂದು ತುಂಡು ಹಾಕಲು ಬಾಗಿಲು ತೆರೆದ. ಅಡ್ಡಡ್ಡಲಾಗಿ ಪೇರಿಸಿದ್ದ ಸೌದೆಯಲ್ಲಿ ಮೇಲಿನದು ಉರುಳಿಕೊಂಡು ಬಂದು, ಅದರಿಂದ ಸಿಡಿದ ಕೆಂಡ ಸುಜಾತಾಳ ಹೊಸ ಕಾರ್ಪೆಟ್ ಮೇಲೆ ಬಿತ್ತು. ಗಂಡಹೆಂಡಿರ ನಡುವೆ ಮುಂದೆ ನಡೆದ ಮಾತನ್ನು ಬರೆಯದಿರುವುದೇ ಒಳ್ಳೆಯದು.

ಅರುಂಧತಿ ಅಲ್ಲೇ ತೀರ್ಮಾನಿಸಿದಳು. ತಮ್ಮದು ಪುಟ್ಟ ಹಾಲ್, ಅದಕ್ಕೆ ತಕ್ಕ ಪುಟ್ಟ ಒಲೆ ಸಾಕು. ಆದರೆ ರೈಲಿನಲ್ಲಿ ವಾಪಸಾಗುವಾಗ ಚಕ್ರಪಾಣಿ, "ತಗೊಂಡ್ರೆ ಅಂಥದ್ದೇ ತಗೋಬೇಕು ಕಣೇ. ನಿಮ್ಮಣ್ಣಂದಕ್ಕಿಂತ ಚಿಕ್ಕದು ತಂದು ಇಟ್ರೆ ಆಡ್ಕೊಳಲ್ವಾ?" ಎಂದ. ಹಟ ಹಿಡಿದ ಸಾಧುವನ್ನು ಅಲುಗಾಡಿಸುವುದು ಕಷ್ಟವೆಂದು ಅವಳಿಗೆ ಗೊತ್ತಿತ್ತು.

ಮುಂದಿನ ಶನಿವಾರ ಇಬ್ಬರೂ ಒಲೆಯ ಅಂಗಡಿಗೆ ಹೋದರು. ಅಲ್ಲಿದ್ದವನು ಕೆನಡಾದಿಂದ ಬಂದ ಗ್ಲೆನ್ ಎಂಬ ಬಿಳಿಗಡ್ಡದ ಆಸಾಮಿ. ಮೊದಲು ಒಂದು ದೊಡ್ಡ ಇನ್ಸರ್ಟ್ ತೋರಿಸಿ, ಇದು ಅಗಲ ಜಾಸ್ತಿ, ಆಳ ಕಮ್ಮಿ, ಸೌದೆಯನ್ನು ಈಸ್ಟ್-ವೆಸ್ಟ್ ಹಾಕಬೇಕು ಎಂದ. ಆಮೇಲೆ ಒಂದು ಚಿಕ್ಕದನ್ನು ತೋರಿಸಿ, ಇದು ಆಳವಾಗಿದೆ, ಇದರಲ್ಲಿ ನಾರ್ತ್-ಸೌತ್ ಹಾಕಬಹುದು, ತುಂಬ ಪೇರಿಸಿದರೂ ಗಾಜಿನ ಮೇಲೆ ಉರುಳುವುದಿಲ್ಲ, ಸೌದೆ ಮಾತ್ರ ಗಿಡ್ಡಗೆ ಕಡಿಸಬೇಕು ಎಂದ. ಹೇಳುತ್ತ ಹೇಳುತ್ತ ಒಂದು ಕೊರಡನ್ನು ದೊಡ್ಡದರಲ್ಲಿ ಅಡ್ಡಲಾಗಿಯೂ ಚಿಕ್ಕದರಲ್ಲಿ ಮೂತಿ ಮುಂದಾಗಿಯೂ ಇಟ್ಟು ತೋರಿಸಿದ. ಬಾಗಿಲಿಗೆ ಅಡ್ಡಲಾದರೆ ಈಸ್ಟ್-ವೆಸ್ಟ್, ಹಿಂದುಮುಂದಾದರೆ ನಾರ್ತ್-ಸೌತ್. ಅದು ಅವನ ಊರಿನ ಕಸುಬಿನವರ ಮಾತು, ಅಷ್ಟೆ. ಅರುಂಧತಿಗೆ ತಟ್ಟನೆ ಅರ್ಥವಾಯಿತು.

ಚಕ್ರಪಾಣಿ ಮಾತ್ರ ಆ ಕೊರಡನ್ನು ನೋಡಲೇ ಇಲ್ಲ. ನಾರ್ತ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಕೋಟಿನ ಜೇಬು ತಡಕುತ್ತಿದ್ದ. ಹೆಂಡತಿಯ ಕಿವಿಯ ಹತ್ತಿರ ಬಗ್ಗಿ, "ಈ ಜನಕ್ಕೂ ದಿಕ್ಕಿನ ಜ್ಞಾನ ಇದೆ ನೋಡೇ!" ಎಂದ.

"ಹೌದೂರೀ, ನಂಗೂ ಆಶ್ಚರ್ಯ ಆಯ್ತು," ಎಂದಳು ಅರುಂಧತಿ.

"ಆದ್ರೆ ಆ ಚಿಕ್ಕದು ಬೇಡ. ಸೌದೆನ ಉತ್ತರ-ದಕ್ಷಿಣ ಜೋಡ್ಸೋದು ಎಲ್ಲಿ ಗೊತ್ತಾ? ಸ್ಮಶಾನದಲ್ಲಿ. ನಮ್ಗೆ ಪೂರ್ವ-ಪಶ್ಚಿಮದ್ದೇ ಸರಿ."

ದೊಡ್ಡ ಒಲೆ ತನ್ನ ಹಾಲ್‌ಗೆ ಬಂದು ಕೂತೇಬಿಟ್ಟಿತೆಂದುಕೊಂಡಳು ಅರುಂಧತಿ. ಮನೆಯ ಅಳತೆ ನೋಡಿಕೊಂಡು ಬರುತ್ತೇವೆಂದು ಗ್ಲೆನ್‌ಗೆ ಹೇಳಿ ಗಂಡನನ್ನು ಹೊರಡಿಸಿದಳು. ದಾರಿಯುದ್ದಕ್ಕೂ ತಮ್ಮ ಬೆಂಕಿಗೂಡು ಯಾವ ಗೋಡೆಯಲ್ಲಿದೆ, ಯಾವ ಕಡೆ ಮುಖ ಮಾಡಿದೆ ಎಂದು ಲೆಕ್ಕ ಹಾಕುತ್ತಿದ್ದಳು. ಮನೆ ತಲುಪುವ ಹೊತ್ತಿಗೆ ಅವಳ ಮುಖ ಅರಳಿತ್ತು.

"ರೀ, ನಿಮ್ಮ ಕಾಂಪಸ್ ತೆಗೀರಿ. ನಮ್ಮ ಗೂಡು ಯಾವ ದಿಕ್ಕಿಗಿದೆ?"

ಮುಳ್ಳು ನಿಂತಿತು. ಗೂಡು ಪೂರ್ವಕ್ಕೆ ಮುಖ ಮಾಡಿತ್ತು.

"ಈಗ ಇದ್ರಲ್ಲಿ ಆ ದೊಡ್ಡದನ್ನಿಟ್ಟು ಸೌದೆ ಅಡ್ಡ ಹಾಕಿ. ಯಾವ ಕಡೆಯಿಂದ ಯಾವ ಕಡೆಗಾಯ್ತು?"

ಚಕ್ರಪಾಣಿ ಗೂಡಿನ ಮುಂದೆ ಕೂತು ಎರಡು ಕೈಯನ್ನೂ ಅಡ್ಡಕ್ಕೆ ಚಾಚಿದ. ಬಲಗೈ ಉತ್ತರಕ್ಕೆ, ಎಡಗೈ ದಕ್ಷಿಣಕ್ಕೆ. ಮುಖ ಬಿಳುಚಿಕೊಂಡಿತು. "ಅಯ್ಯೋ ರಾಮ! ಮತ್ತೆ ಅವನು ಈಸ್ಟ್-ವೆಸ್ಟ್ ಅಂದ?"

"ಅವನು ಹೇಳಿದ್ದು ಅವನ ಅಂಗಡಿ ಲೆಕ್ಕ ರೀ. ಅಂಗಡಿ ಉತ್ತರಕ್ಕಿದೆ, ಮನೆ ಪೂರ್ವಕ್ಕಿದೆ. ದಿಕ್ಕು ತಿರುಗಿದ್ರೆ ಸೌದೆನೂ ತಿರುಗಲ್ವಾ? ನಮ್ಮನೇಲಿ ಪೂರ್ವ-ಪಶ್ಚಿಮ ಆಗೋದು ಆ ಚಿಕ್ಕದ್ರಲ್ಲೇ."

ಅಂಗಡಿಯ ಲೆಕ್ಕ ಎಂಬುದು ಹಸಿ ಸುಳ್ಳು. ಮನೆಯ ಲೆಕ್ಕ ಮಾತ್ರ ದಿಕ್ಸೂಚಿ ಸಾಕ್ಷಿಯಾಗಿ ಅಪ್ಪಟ ಸತ್ಯ. ಇಷ್ಟು ಅಚ್ಚುಕಟ್ಟಾದ ಸುಳ್ಳನ್ನು ತಾನು ಹಿಂದೆಂದೂ ಹೇಳಿರಲಿಲ್ಲವೆಂದು ಅರುಂಧತಿಗೆ ಒಳಗೊಳಗೇ ಹೆಮ್ಮೆಯಾಯಿತು.

ಚಿಕ್ಕ ಒಲೆ ಬಂತು. ಚಕ್ರಪಾಣಿ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಗಿಡ್ಡಗೆ ಕಡಿಸಿದ ರೆಡ್‌ಗಮ್ ಸೌದೆಯನ್ನು ಮೂತಿ ಮುಂದಾಗಿ ಪೇರಿಸಿದ. ಹಾಲ್ ಹದವಾಗಿ ಬೆಚ್ಚಗಾಯಿತು, ಗಾಜು ತಿಳಿಯಾಗಿಯೇ ಉಳಿಯಿತು, ಯಾವ ಕೊರಡೂ ಉರುಳಲಿಲ್ಲ. ಎಲ್ಲ ವಾಸ್ತುವಿನ ಫಲವೆಂದು ಅವನು ಕನ್ನಡ ಸಂಘದ ಊಟದಲ್ಲಿ ಕಂಡಕಂಡವರಿಗೆಲ್ಲ ವಿವರಿಸಿದ. ಆಗ ಅರುಂಧತಿ ಮೊಸರನ್ನದ ಪಾತ್ರೆಯತ್ತ ಮುಖ ತಿರುಗಿಸಿಕೊಂಡಿದ್ದಳು.

ಸಂಘದ ಪುಟ್ಟಸ್ವಾಮಿ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್. ವಿವರಣೆಗೆ ಮಾರುಹೋಗಿ ತಮಗೂ ಒಂದು ಒಲೆ ಕೊಡಿಸಬೇಕೆಂದರು. ಚಕ್ರಪಾಣಿ ಅವರನ್ನು ಗ್ಲೆನ್‌ನ ಅಂಗಡಿಗೆ ಕರೆದುಕೊಂಡು ಹೋದ. ವಾಪಸು ಬಂದಾಗ ಎಂದಿನಂತೆ ಕಾಫಿ ಕೇಳಿದ, ಎಂದಿನಂತೆ ಕುಡಿದ. ಆಮೇಲೆ ಲೋಟ ಕೆಳಗಿಟ್ಟು ಹೇಳಿದ:

"ಗ್ಲೆನ್ ಇನ್ನೊಂದು ನಿಯಮ ಹೇಳಿದ ಕಣೇ. ಪೂರ್ವಕ್ಕೆ ಮುಖ ಇರೋ ಒಲೆಗೆ ಸೌದೆ ತರೋದು ಮನೆಯ ಗೃಹಿಣಿನೇ ಆಗ್ಬೇಕಂತೆ. ಗಂಡಸರು ಮುಟ್ಟಿದ್ರೆ ದೋಷ."

ಅರುಂಧತಿ ಅವನ ಮುಖವನ್ನೇ ದಿಟ್ಟಿಸಿದಳು. ಅಲ್ಲಿ ಏನೂ ಕಾಣಲಿಲ್ಲ. ಗ್ಲೆನ್‌ಗೆ ದಿಕ್ಕಿನ ನಿಯಮವೇ ಇಲ್ಲವೆಂದರೆ ತನ್ನ ಕಥೆಯೇ ಬಿಚ್ಚಿಕೊಳ್ಳುತ್ತದೆ. ಸೆರಗು ಸಿಕ್ಕಿಸಿಕೊಂಡು ಹಿತ್ತಲಿನ ಶೆಡ್‌ಗೆ ಹೋದಳು. ಆ ವಾರವಿಡೀ ಅವಳು ಮಳೆಯಲ್ಲಿ ತೋಯುತ್ತ ಸೌದೆ ಹೊತ್ತಳು. ಚಕ್ರಪಾಣಿ ಕಾಲು ಚಾಚಿ ಬೆಂಕಿ ಕಾಯಿಸಿಕೊಳ್ಳುತ್ತ, "ಜಾರೀತು, ಹುಷಾರು," ಅನ್ನುತ್ತಿದ್ದ.

ಭಾನುವಾರ ಪುಟ್ಟಸ್ವಾಮಿಯ ಫೋನ್ ಬಂತು. "ಏನಮ್ಮ ಅರುಂಧತಿ, ನಿಮ್ ಯಜಮಾನ್ರು ಅಂಗಡೀಲಿ ನಕ್ಕಿದ್ದೇ ನಕ್ಕಿದ್ದು! ನಾರ್ತ್-ಸೌತ್ ಅಂದ್ರೆ ಏನೂಂತ ಆ ಗಡ್ಡದವನು ಕೊರಡು ಇಟ್ಟು ತೋರಿಸಿದಾಗ ಸ್ಟೂಲ್ ಮೇಲೆ ಕೂತ್ಕೊಂಡ್ಬಿಟ್ರು. ಅವಳಿಗೆ ಹೇಳ್ಬೇಡಿ, ಸ್ವಲ್ಪ ದಿನ ಸೌದೆ ಹೊರಲಿ ಅಂದ್ರು. ನಂಗೆ ಗುಟ್ಟು ಇಟ್ಕೊಳಕ್ಕೆ ಬರಲ್ಲ ನೋಡಿ."

ಅರುಂಧತಿ ಫೋನ್ ಇಟ್ಟು ಹಾಲ್‌ಗೆ ಬಂದಳು. ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ತನಗೆ ಹೇಳಿದ ಮೊದಲ ಸುಳ್ಳು, ಅದನ್ನೂ ಕಣ್ಣು ಪಿಳುಕಿಸದೆ ಹೇಳಿದ್ದಾನೆ. ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಅವಳು ನಗುವುದನ್ನು ನೋಡಿ ಚಕ್ರಪಾಣಿಗೂ ತಡೆಯಲಾಗಲಿಲ್ಲ. ಇಬ್ಬರೂ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಹೋಗ್ಲಿ, ದೊಡ್ಡದು ತಂದಿದ್ರೆ ನಾವೂ ಬನಿಯನ್ನಲ್ಲಿ ಕೂರಬೇಕಾಗ್ತಿತ್ತು," ಎಂದ ಚಕ್ರಪಾಣಿ. ಕಣ್ಣೊರೆಸಿಕೊಂಡು, "ಆದ್ರೂ ಒಂದು ಮಾತು. ಅವತ್ತು ಅಂಗಡೀಲೇ ನಂಗೆ ಅನುಮಾನ ಬಂದಿತ್ತು," ಎಂದು ಸೇರಿಸಿದ.

"ಸುಳ್ಳು!"

"ಇದ್ರೂ ಇರಬಹುದು," ಎಂದು ಅವನು ಶೆಡ್‌ನಿಂದ ಸೌದೆ ತರಲು ಎದ್ದ.