ಉಸ್ತಾದರ ರಾಜ

ಸೌದಿಯ ರಾಬಿಗ್‌ನ ತೈಲ ರಿಫೈನರಿಯಲ್ಲಿ ಕೆಲಸ ಹಿಡಿದ ಒಂದು ಕಂಪೆನಿಯಲ್ಲಿ ನಾನು ಪೈಪುಗಳ ನಕ್ಷೆ ಬರೆಯುವವನು. ಪಕ್ಕದ ಮೇಜಿನಲ್ಲಿ ಈಜಿಪ್ಟಿನವರೊಬ್ಬರು ಕೂರುತ್ತಿದ್ದರು. ಅರವತ್ತರ ಹತ್ತಿರದ ಪ್ರಾಯ, ಕಾಗದಪತ್ರ ನೋಡಿಕೊಳ್ಳುವ ಕೆಲಸ. ಊರಲ್ಲಿ ಚರಿತ್ರೆ ಕಲಿಸುತ್ತಿದ್ದವರಾದ್ದರಿಂದ ಎಲ್ಲರೂ ಉಸ್ತಾದ್ ಎನ್ನುತ್ತಿದ್ದೆವು. ಅವರ ಇಂಗ್ಲಿಷು, ನನ್ನ ಹರಕು ಅರಬ್ಬಿ ಸೇರಿ ಮಾತು ಹೇಗೋ ನಡೆಯುತ್ತಿತ್ತು.

ಆ ವರ್ಷ ಶಟ್‌ಡೌನ್, ಯಂತ್ರಗಳನ್ನೆಲ್ಲ ನಿಲ್ಲಿಸಿ ರಿಪೇರಿ ಮಾಡುವ ಕೆಲಸ. ದಿನಕ್ಕೆ ಹನ್ನೆರಡು ಗಂಟೆ ಡ್ಯೂಟಿ, ಶುಕ್ರವಾರ ಮಾತ್ರ ರಜೆ. ಆ ಶುಕ್ರವಾರವನ್ನೂ ಉಸ್ತಾದ್ ಕೇಳಿದರು. ಅವರ ಹತ್ತಿರ ಕಲ್ಲಿನ ಬಟ್ಟಲ ಚೂರುಗಳ ಫೋಟೋಗಳಿದ್ದವು. ಸುಮಾರು ಐದು ಸಾವಿರ ವರ್ಷ ಹಿಂದಿನ ಒಬ್ಬ ರಾಜನ ಹೆಸರು ಅಂಥ ಕೆಲವು ಚೂರುಗಳನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲೂ ಇಲ್ಲವಂತೆ. ಅವನು ಸ್ವಲ್ಪವೇ ಕಾಲ ಆಳಿ ಹೋದ ಎನ್ನುವವರು ಕೆಲವರು; ಅಂಥವನೇ ಇರಲಿಲ್ಲ, ಅದು ಹಿಂದಿನ ರಾಜನದೇ ಎರಡನೇ ಹೆಸರು ಎನ್ನುವವರು ಕೆಲವರು. ಬೇರೆಯೇ ರಾಜ ಎಂದು ಸಾಧಿಸಲು ಉಸ್ತಾದ್ ಹದಿನಾಲ್ಕು ವರ್ಷದಿಂದ ಒಂದು ಲೇಖನ ಬರೆಯುತ್ತಿದ್ದರು. ಅದಕ್ಕೆ ಆ ಫೋಟೋ ನೋಡಿ ನಾನು ಚೂರುಗಳ ಗೆರೆಚಿತ್ರ ಬರೆದುಕೊಡಬೇಕಿತ್ತು.

"ಮರ್ಲಾ ನಿಮಗೆ? ಒಂದು ದಿನ ಮಲಗಲಿಕ್ಕಾಗುದಿಲ್ವಾ?" ಎಂದಳು ಹೆಂಡತಿ ಫೋನಿನಲ್ಲಿ. ಅವಳು ಹೇಳಿದ್ದು ಸರಿಯೇ. ಆದರೆ ಆಗುವುದಿಲ್ಲ ಎನ್ನುವುದಕ್ಕೂ ತ್ರಾಣ ಬೇಕಲ್ಲ.

ಮೂರನೇ ಶುಕ್ರವಾರ ಮಧ್ಯಾಹ್ನ ಮುಖ್ಯವಾದ ಚೂರನ್ನು ಪರದೆಯ ಮೇಲೆ ದೊಡ್ಡದು ಮಾಡಿದೆ. ಹೆಸರಿನ ಕೆಳಗೊಂದು ಅಡ್ಡಗೆರೆ. ಅದು ಸೇರಿದರೆ ಹೆಸರೇ ಬೇರೆಯಾಗುತ್ತದೆ ಎಂಬುದು ಅವರ ವಾದ. ನೋಡಿದರೆ ಆ ಗೆರೆ ಅಕ್ಷರದ ಅಂಚಿನಲ್ಲಿ ನಿಲ್ಲದೆ, ಸಪುರವಾಗುತ್ತ ಕಲ್ಲಿನ ತುದಿಯವರೆಗೂ ಹೋಗಿತ್ತು.

ಅವರು ಹೇಳಿದ ಹಾಗೆ ಬರೆದುಕೊಟ್ಟರೆ ಅಂದಿಗೇ ಮುಗಿಯುತ್ತಿತ್ತು. ಕೈ ಬರಲಿಲ್ಲ. ಕರೆದು ತೋರಿಸಿದೆ.

"ಉಸ್ತಾದ್, ಇದು ಕೆತ್ತಿದ ಗೆರೆ ಅಲ್ಲ. ಬಿರುಕು."

ಅವರು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ತುಂಬ ಹೊತ್ತು ನೋಡಿದರು.

"ನನಗೂ ಒಂದೆರಡು ಸಲ ಹಾಗೆ ಕಂಡಿತ್ತು," ಎಂದರು. "ಫೋಟೋ ಸರಿಯಿಲ್ಲ ಅಂದುಕೊಂಡೆ."

"ಈಗ ಎಂತ ಮಾಡುವ?"

"ಬಿರುಕನ್ನು ಬಿರುಕಿನ ಹಾಗೆಯೇ ಬರೆ."

ಆಮೇಲೆ ಎಷ್ಟೋ ದಿನ ಅವರು ಸಲಾಮು ಬಿಟ್ಟು ಬೇರೆ ಮಾತಾಡಲಿಲ್ಲ. ನನ್ನ ಮೇಲೆ ಸಿಟ್ಟೋ, ಬರೀ ದಣಿವೋ ತಿಳಿಯಲಿಲ್ಲ. ಕೇಳುವಷ್ಟು ಉತ್ಸಾಹ ನನ್ನಲ್ಲೂ ಉಳಿದಿರಲಿಲ್ಲ. ಕಂಪೆನಿ ಅವರ ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿ, ಮತ್ತೆ ಮಾಡಿಸಲಿಲ್ಲ. ಎರಡು ಸೂಟ್‌ಕೇಸು ಹಿಡಿದು ಕೈರೋಗೆ ಹೋದರು.

ಮರುವರ್ಷ ಫೋನಿಗೆ ಅವರ ಲೇಖನ ಬಂತು. ಎರಡೇ ಪುಟ, ಜೊತೆಗೆ ನಾನು ಬರೆದ ಚಿತ್ರ. ಅರಬ್ಬಿಯನ್ನು ಅಕ್ಷರ ಕೂಡಿಸಿ ಓದಿದೆ. ರಾಜ ಒಬ್ಬನೋ ಇಬ್ಬರೋ ಎಂದು ಈ ಚೂರಿನಿಂದ ಹೇಳಲಾಗದು, ಎಷ್ಟು ಕಾಲ ಆಳಿದ ಎಂಬುದೂ ತಿಳಿಯದು ಎಂದಿತ್ತು. ಫೋನ್ ಮಾಡಿದೆ.

"ಬೇಸರ ಉಂಟಾ, ಉಸ್ತಾದ್?"

"ಸಾಕಾಗಿದೆ," ಎಂದರು. "ಈಗ ಬೆಳಿಗ್ಗೆ ಮೊಮ್ಮಗಳನ್ನು ಶಾಲೆಗೆ ಬಿಡುತ್ತೇನೆ. ಬೇರೇನೂ ಬರೆಯುವುದಿಲ್ಲ."

ಮೊಮ್ಮಗಳು ಎಷ್ಟನೇ ಕ್ಲಾಸು ಎಂದು ಕೇಳಿದೆ.